ಪ ಇಳಿ ಪಾ

ವಾಡಿ ಜಂಕ್ಷನ್ನಿನ ಸಿಮೆಂಟು ಧೂಳಿನಲ್ಲಿ ಕಾಗೆಗಳೂ ಬೆಳ್ಳಗಿರುತ್ತವೆ. ದಂಡೋತಿಯ ಹೊಳೆದಂಡೆಯ ಕೊಕ್ಕರೆಯೊಂದು ಒಮ್ಮೆ ನಮ್ಮೂರ ಕಾಗೆಗೆ ಮರುಳಾಗಿ, ಬೀಗರನ್ನು ಕಟ್ಟಿಕೊಂಡು ಹೆಣ್ಣು ಕೇಳಲು ಬಂದಿತ್ತು. ಅಕ್ಷತೆ ಬೀಳುವ ಹೊತ್ತಿಗೆ ಮಳೆ ಬಂದು ಹುಡುಗಿಯ ಬಣ್ಣ ತೊಳೆದುಹೋದದ್ದರಿಂದ ಲಗ್ನ ಮುರಿಯಿತು. ನಂಬದವರು ವಾಡಿಗೆ ಬಂದು ಒಂದು ಸಲ ಸೀನಿ ನೋಡಲಿ.

ಇಂಥ ಊರಿಗೆ ದೇವರು ಪರಿಹಾರವಾಗಿ ಒಂದು ದನಿಯನ್ನು ಕೊಟ್ಟಿದ್ದ. ಸ್ಟೇಷನ್ನಿನ ಮೈಕಿನಲ್ಲಿ ಗಾಡಿಗಳ ಹೊತ್ತು ಹೇಳುತ್ತಿದ್ದ ಪಾಂಡುರಂಗರಾಯರ ದನಿ. ಅವರು ಗಂಟಲು ಸರಿಮಾಡಿಕೊಂಡರೆ ಮುಂಬಯಿ ಗಾಡಿ ಶಹಾಬಾದಿನಲ್ಲೇ ನಿಂತು ‘ಏನಪ್ಪಣೆ’ ಎನ್ನುತ್ತಿತ್ತು. ತಡವಾಗಿ ಬರುವ ಗಾಡಿಯ ಸುದ್ದಿಯನ್ನು ಅವರು ಎಷ್ಟು ಚೆಂದ ಹೇಳುತ್ತಿದ್ದರೆಂದರೆ, ಹೊತ್ತಿಗೆ ಸರಿಯಾಗಿ ಬಂದ ಗಾಡಿಯನ್ನು ಜನ ಬೈಯುತ್ತಿದ್ದರು.

ಆ ದನಿಯವರ ಹೆಸರನ್ನು ತಾಲೂಕಿನಲ್ಲಿ ಹೇಳದವರು ಒಬ್ಬರೇ. ಅವರ ಹೆಂಡತಿ ಜಾನಕೀಬಾಯಿ.

ಗಂಡನ ಹೆಸರು ಬಾಯಿಗೆ ಬಂದರೆ ಅವನ ಆಯುಷ್ಯದ ಎಳೆಯೊಂದು ಸವೆಯುತ್ತದೆ ಎಂದು ಅತ್ತೆ ಹೊಸ್ತಿಲಲ್ಲೇ ಹೇಳಿದ್ದರು. ಅಂದು ನಾಲಿಗೆಗೆ ಬಿದ್ದ ಬೀಗ ಮೂವತ್ತು ವರ್ಷ ತೆರೆಯಲಿಲ್ಲ. ಏಕಾದಶಿಯ ಭಜನೆಯಲ್ಲಿ ಎಲ್ಲರೂ ‘ಪಾಂಡುರಂಗಾ’ ಎಂದು ಕೂಗುವಾಗ ಜಾನಕೀಬಾಯಿ ತುಟಿ ಬಿಗಿದು ತಾಳ ಮಾತ್ರ ಬಡಿಯುತ್ತಿದ್ದರು. ಜನಗಣತಿಯವನು ಗಂಡನ ಹೆಸರು ಕೇಳಿದಾಗ, “ಪಂಢರಪುರದಾಗ ಇಟ್ಟಂಗಿ ಮ್ಯಾಲ ನಿಂತಾನಲ್ರಿ, ಅವನೇ,” ಎಂದರು. ಆತ ವಿಠ್ಠಲ ಎಂದು ಬರೆದುಕೊಂಡು ಹೋದ. ಸರಕಾರದ ಲೆಕ್ಕದಲ್ಲಿ ಆಕೆ ಹತ್ತು ವರ್ಷ ಬೇರೆ ಯಾರದೋ ಹೆಂಡತಿಯಾಗಿ ಸುಖವಾಗಿ ಬಾಳಿದರು. ಬರೆಯಲು ಮಾತ್ರ ಅಡ್ಡಿಯಿರಲಿಲ್ಲ. ಪಾಪ ಕೈಗಿಲ್ಲ, ಬಾಯಿಗಷ್ಟೇ.

ಅದೇ ಬಾಯಿ ಎರಡು ಸಾವಿರದ ಐದನೇ ಇಸವಿಯ ಸುಮಾರಿಗೆ ವಾಡಿಯ ಮಕ್ಕಳ ಭಾಗ್ಯವಾಯಿತು. ಬೆಂಗಳೂರಿನ ಒಂದು ಟ್ರಸ್ಟು ಶಹಾಬಾದ, ಚಿತ್ತಾಪುರ, ವಾಡಿ, ಸೇಡಂ, ಚಿಂಚೋಳಿಗಳಲ್ಲಿ ಒಂದೊಂದು ಕೋಣೆ ಬಾಡಿಗೆಗೆ ಹಿಡಿದು ‘ಓದಿನ ಮನೆ’ ಎಂದು ಹೆಸರಿಟ್ಟಿತು. ವಾಡಿಯದು ಹಿಟ್ಟಿನ ಗಿರಣಿಯ ಹಿಂದಿನ ಕೋಣೆ, ಮೊದಲು ನೆಲಕ್ಕೆ ಹಾಸುವ ಫರಸಿ ಕಲ್ಲು ಒಟ್ಟುತ್ತಿದ್ದ ಜಾಗ. ಸಂಜೆಯಾದರೆ ಜಾನಕೀಬಾಯಿ ಅಲ್ಲಿ ಚಾಪೆ ಹಾಸಿ ಮಕ್ಕಳಿಗೆ ಕಥೆ ಓದುತ್ತಿದ್ದರು. ಅವರು ‘ಹುಲಿ’ ಎಂದು ಓದಿದರೆ ಗಿರಣಿಯವನು ಬಾಗಿಲು ಹಾಕಿಕೊಳ್ಳುತ್ತಿದ್ದ. ‘ಮಳೆ’ ಎಂದು ಓದಿದರೆ ಓಣಿಯ ಹೆಂಗಸರು ಒಣಹಾಕಿದ ಸಂಡಿಗೆ ಎತ್ತಲು ಓಡುತ್ತಿದ್ದರು. ಗ್ಯಾಂಗ್‌ಮನ್ ಮಾಣಿಕಪ್ಪನ ಮಗಳು ಲುಂಬಿನಿ ಮೂರನೇ ಇಯತ್ತೆಯಲ್ಲಿದ್ದರೂ ತನ್ನ ಹೆಸರನ್ನೇ ತಪ್ಪು ಬರೆಯುತ್ತಿದ್ದಳು. ಓದಿನ ಮನೆಗೆ ಬರತೊಡಗಿದ ಮೇಲೆ ಬಸ್ಸಿನ ಬೋರ್ಡು, ಬೀಡಿಯ ಕಟ್ಟು, ಗೋಡೆಯ ಮೇಲಿನ ಬೈಗುಳ, ಎಲ್ಲವನ್ನೂ ಓದಿ ಮುಗಿಸಿ, ಊರಲ್ಲಿ ಓದಲು ಏನೂ ಉಳಿಯದೆ ಹಸಿದು ಕೂತಳು.

ಅಂಥ ಹಸಿವಿನ ಹೊತ್ತಿಗೆ ಬೆಂಗಳೂರಿನ ಪೆಟ್ಟಿಗೆಯಲ್ಲಿ ಒಂದು ಕತ್ತೆ ಬಂತು. ವೃಂದಾ ಎಂಬ ಲೇಖಕಿ ಬರೆದ ಪುಸ್ತಕ. ಹಾಡು ಕಲಿಯಲು ಊರೂರು ತಿರುಗುವ ಕತ್ತೆಯ ಕಥೆ. ಕಥೆ ಬಂಗಾರ. ಕತ್ತೆಯ ಹೆಸರು ಮಾತ್ರ ಪಾಂಡು. ರಾಯರನ್ನು ಅವರ ತಾಯಿಯಿಂದ ಹಿಡಿದು ಸ್ಟೇಷನ್ನಿನ ಹಮಾಲಿಯವರೆಗೆ ಎಲ್ಲರೂ ಕರೆಯುತ್ತಿದ್ದುದು ಅದೇ ಹೆಸರಿನಿಂದ.

ಜಾನಕೀಬಾಯಿ ಮೊದಲ ಸಾಲಿಗೇ ನಿಂತರು. ಪುಸ್ತಕ ಮುಚ್ಚಿಡೋಣವೆಂದರೆ ಮಕ್ಕಳು ಆಗಲೇ ಚಿತ್ರ ನೋಡಿಬಿಟ್ಟಿದ್ದರು. ಕೈಯಲ್ಲಿದ್ದ ಫೂಟುಪಟ್ಟಿಯಿಂದ ಹಲಗೆಯ ಮೇಲೆ ಟಕ್ ಎಂದು ಹೊಡೆದು ಪುಟದಲ್ಲಿದ್ದ ಆ ಹೆಸರಿನ ಮೇಲೆ ಬೆರಳಿಟ್ಟರು. ಲುಂಬಿನಿ ಬಗ್ಗಿ ನೋಡಿ, “ಪಾಂಡೂ!” ಎಂದಳು. ಅಂದಿನಿಂದ ಅದೇ ಪದ್ಧತಿ. ಟಕ್ ಎಂದರೆ ಮಕ್ಕಳ ಪಾಳಿ. ಎಲ್ಲರೂ ಕೂಡಿ ಎಷ್ಟು ಜೋರಾಗಿ ಕೂಗುತ್ತಿದ್ದರೆಂದರೆ, ಹಳಿಯ ಮೇಲಿನ ಗೂಡ್ಸ್ ಗಾಡಿ ಹೆದರಿ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಿತ್ತು.

ಅತ್ತ ಸ್ಟೇಷನ್ನಿನಲ್ಲಿ ರಾಯರ ಕಿವಿಗೂ ಕೂಗು ಬೀಳುತ್ತಿತ್ತು. ತುಂಟ ಮನುಷ್ಯ. ಗಾಡಿ ಇಲ್ಲದ ಹೊತ್ತು ನೋಡಿ ಮೈಕು ಹಚ್ಚಿ, “ಓ!” ಎಂದು ಓಗೊಡುತ್ತಿದ್ದರು. ಪ್ಲಾಟ್‌ಫಾರಮ್ಮಿನ ಪ್ರಯಾಣಿಕರು ದಿಗಿಲುಬಿದ್ದು ಗಂಟು ಎತ್ತಿಕೊಳ್ಳುತ್ತಿದ್ದರು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಜಾನಕೀಬಾಯಿ ಸೆರಗನ್ನು ಬಾಯಿಗೆ ಹಿಡಿದು, ಆ ‘ಓ’ ಮುಗಿಯುವವರೆಗೆ ಕಾದು, ಮುಂದಿನ ಸಾಲಿಗೆ ಹೋಗುತ್ತಿದ್ದರು.

ಮರುವರ್ಷದ ಚಳಿಗಾಲದಲ್ಲಿ ಆ ‘ಓ’ ನಿಂತಿತು.

ರಾಯರು ಬಿಳಿಚಿಕೊಂಡರು. ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಚಿತ್ತಾಪುರದ ಪಂಡಿತರು ನಾಡಿ ಹಿಡಿದು, ಕಣ್ಣಿನ ರೆಪ್ಪೆ ಕೆಳಗೆ ಜಗ್ಗಿ ನೋಡಿ, “ಪಾಂಡುರೋಗ,” ಎಂದರು. ರೋಗಕ್ಕೂ ಬೇರೆ ಹೆಸರು ಸಿಗಲಿಲ್ಲ! ಕೇಳಿದವರಿಗೆ ಜಾನಕೀಬಾಯಿ ಗಂಡನ ಬೇನೆಯ ಹೆಸರನ್ನೂ ಹೇಳುವಂತಿರಲಿಲ್ಲ. “ಬೆಳ್ಳಗಾಗೋ ಬ್ಯಾನಿ,” ಎನ್ನುತ್ತಿದ್ದರು. ವಾಡಿಯಲ್ಲಿ ಬೆಳ್ಳಗಾಗದವರು ಯಾರು ಎಂದು ಜನ ನಕ್ಕರು. ರಾಯರನ್ನು ಗುಲಬರ್ಗಾದ ದೊಡ್ಡ ದವಾಖಾನೆಗೆ ಸೇರಿಸಿದ ಮೇಲೆ ಆ ನಗು ನಿಂತಿತು. ಸ್ಟೇಷನ್ನಿನಲ್ಲಿ ಒಂದು ಯಂತ್ರ ಕೂತು, ಹೆಣ್ಣುದನಿಯಲ್ಲಿ ಗಾಡಿಗಳ ಹೊತ್ತು ಹೇಳತೊಡಗಿತು.

ಬೆಂಗಳೂರಿನಿಂದ ಫೋನ್ ಬಂದದ್ದು ಆಗಲೇ, ಬಾಬುಮಿಯಾನ ಅಂಗಡಿಗೆ. ಬಾಬುಮಿಯಾ ಜಾನಕೀಬಾಯಿಯ ಗೋಡೆಯಾಚೆಯ ಗೆಳತಿ ಆಶಾಬಿಯ ಗಂಡ. ಸ್ಟೇಷನ್ ರಸ್ತೆಯಲ್ಲಿ ಅವನದು ಎಸ್‌ಟಿಡಿ, ಝೆರಾಕ್ಸು ಮತ್ತು ಹೊಸದಾಗಿ ಹಾಕಿಸಿದ ಇಂಟರ್ನೆಟ್ಟಿನ ಅಂಗಡಿ. ಫೋನಿನ ಸುದ್ದಿಯನ್ನು ಆಶಾಬಿ ಗೋಡೆಯ ಮೇಲಿಂದಲೇ ಒಪ್ಪಿಸಿದಳು.

“ವೈನಿ, ನಿಮ್ಮನ್ನ ಟಿ.ವಿ.ದಾಗ ತೋರಸ್ತಾರಂತ್ರಿ!”

“ಟಿ.ವಿ. ಅಲ್ಲ ಬೇಗಂ, ಕಂಪ್ಯೂಟರ್,” ಹಿಂದಿನಿಂದ ಬಾಬುಮಿಯಾ ತಿದ್ದಿದ. “ಲೈವ್! ಆ ಹಾಡೋ ಕತ್ತಿ ಪುಸ್ತಕ ಬರದಾರಲ್ಲ, ಆ ಬಾಯೋರು ಬೆಂಗಳೂರಾಗ ಕುಂತು ಮೊದಲ್ನೇ ಪುಟ ಓದ್ತಾರ. ಆಮ್ಯಾಲ ಶಹಾಬಾದ, ಚಿತ್ತಾಪುರ, ನಾವು, ಸೇಡಂ, ಚಿಂಚೋಳಿ, ಒಂದೊಂದು ಪುಟ. ಎಲ್ಲಾರ ಮಾರಿ ಎಲ್ಲಾರಿಗೂ ಕಾಣ್ತದ. ಮಕ್ಕಳಿಗಿ ಓದೋ ಹುಚ್ಚು ಹಿಡಿಸ್ಲಿಕ್ಕಂತ.”

“ಅಷ್ಟೇ ಏನು?”

ಬಾಬುಮಿಯಾ ತಲೆ ಕೆರೆದುಕೊಂಡ. “ಅಷ್ಟೇ ಅಲ್ಲ ವೈನಿ. ಟ್ರಸ್ಟಿನವ್ರಿಗಿ ರೊಕ್ಕದ ಅಡಚಣಿ ಅದ. ಐದೂ ಕೋಣಿ ನಡಸ್ಲಿಕ್ಕ ಆಗಂಗಿಲ್ಲಂತ. ಅವತ್ತು ಯಾರು ಛಲೋ ಓದ್ತಾರೋ ಅವ್ರವು ಮೂರು ಇರ್ತಾವ. ಉಳದ ಎರಡು ಬಂದ್.”

ಯಾವ ಊರಿಗೆ ಯಾವ ಪುಟ ಎಂಬುದನ್ನೂ ಟ್ರಸ್ಟಿನವರೇ ಗೊತ್ತುಮಾಡಿದ್ದರು. ವಾಡಿಗೆ ಬಂದ ಪುಟದಲ್ಲಿ ಕತ್ತೆ ಕಾಡಿನಲ್ಲಿ ಕಳೆದುಹೋಗುತ್ತದೆ. ಎಲ್ಲ ಪ್ರಾಣಿಗಳೂ ಅದರ ಹೆಸರು ಹಿಡಿದು ಕೂಗುತ್ತ ಹುಡುಕುತ್ತವೆ.

ಆಶಾಬಿ ಪುಟ ನೋಡಿ ಹಣೆ ಚಚ್ಚಿಕೊಂಡಳು. “ಯಾ ಅಲ್ಲಾ! ಕಾಡಿನಾಗಿನ ಪ್ರಾಣಿಗೊಳಿಗೆಲ್ಲ ನಿಮ್ಮ ಗಂಡನೇ ಬೇಕಾಗ್ಯಾನಲ್ರಿ! ಪ್ರಾಸ ಹಚ್ಚಿ ಒಂದು ಒಡಪು ಕಟ್ಟಿ ಹೇಳಿಬಿಡ್ರಿ. ಒಡಪಿನಾಗ ಹೆಸರು ಹೇಳಿದ್ರ ದೋಷ ಇಲ್ಲಂತ ನೀವೇ ಅಂತಿದ್ರಿ.”

“ಒಡಪು ಲಗ್ನದಾಗ, ಕುಬಸದಾಗ, ನಗುನಗತಾ ಹೇಳೋದ ಆಶಾಬಿ. ಅವ್ರು ದವಾಖಾನ್ಯಾಗ ಮಲಗಿರೋವಾಗ ಒಡಪು ಹಾಕ್ಲೇನು?”

ಜಾನಕೀಬಾಯಿ ಭಾನುವಾರ ದವಾಖಾನೆಗೆ ಹೋದಾಗ ಪುಸ್ತಕವನ್ನೂ ಒಯ್ದು ಗಂಡನ ಎದೆಯ ಮೇಲೆ ಇಟ್ಟರು. ರಾಯರು ಪುಟ ಓದಿ ನಕ್ಕರು. ಮೊದಲಾಗಿದ್ದರೆ ಆ ನಗುವಿಗೆ ವಾರ್ಡಿನ ಕಿಟಕಿಗಳು ತೆರೆದುಕೊಳ್ಳುತ್ತಿದ್ದವು. ಈಗ ಪಕ್ಕದ ಮಂಚದವನೂ ತಿರುಗಿ ನೋಡಲಿಲ್ಲ.

“ಹೇಳಿಬಿಡ ಜಾನಕೀ. ಯಮ ಏನ ಬಾಬುಮಿಯಾನ ಕಂಪ್ಯೂಟರ್ ಮುಂದ ಕುಂತಿರ್ತಾನೇನ?”

“ಅಶುಭ ಮಾತಾಡಬ್ಯಾಡ್ರಿ.”

“ಖರೇನ ಹೇಳ್ಲಿಕತ್ತೀನಿ. ಹಳ್ಳಿಹಳ್ಳಿ ಹೆಸರು ಮೈಕಿನಾಗ ಒದರಿದವ ನಾನು. ನನ್ನ ಹೆಸರು ನಿನ್ನ ಬಾಯಾಗ ಹೆಂಗ ಕೇಳಸ್ತದ ಅಂತ ಇನ್ನೂ ಗೊತ್ತಿಲ್ಲ.” ಸ್ವಲ್ಪ ಉಸಿರು ತೆಗೆದುಕೊಂಡು ಮುಂದುವರಿಸಿದರು. “ಆ ಹುಡುಗ್ರು ಕೋಣಿ ಇಲ್ದ ಎಲ್ಲಿ ಹೋಗಬೇಕು? ಕಲ್ಲು ಒಡಿಲಿಕ್ಕೇನು?”

ಜಾನಕೀಬಾಯಿ ಮೋಸಂಬಿ ಸುಲಿದು ಅವರ ಕೈಗಿಟ್ಟರು. ಆದರೆ ವಾಡಿಗೆ ಮರಳುವ ಗಾಡಿಯಲ್ಲಿ ಅವರಿಗೊಂದು ಉಪಾಯ ಹೊಳೆಯಿತು. ಇಷ್ಟು ಸರಳ ಉಪಾಯ ಮೊದಲೇ ಹೊಳೆಯದ್ದಕ್ಕೆ ತಮ್ಮನ್ನೇ ಬೈದುಕೊಂಡರು. ಓದಿನ ಮನೆಯಲ್ಲಿ ನಡೆಯುವುದೇ ಅಲ್ಲೂ ನಡೆಯಲಿ. ತಾವು ಟಕ್ ಎನ್ನುವುದು, ಮಕ್ಕಳು ಕೂಗುವುದು. ಬೆಂಗಳೂರಿನವರು ಕೇಳಲಿ, ವಾಡಿಯ ಮಕ್ಕಳು ಹೇಗೆ ಓದುತ್ತಾರೆಂದು!

ಲೈವ್ ಓದಿನ ದಿನಕ್ಕೆಂದು ಬಾಬುಮಿಯಾ ಗುಲಬರ್ಗಾದಿಂದ ಹೊಸ ಹೆಡ್‌ಫೋನು ತಂದಿದ್ದ. ಕಿವಿಗೆ ಎರಡು ಬಟ್ಟಲು, ಬಾಯಿಯ ಮುಂದೆ ಒಂದು ಕಡ್ಡಿ. “ಅಮೆರಿಕಾದ ಮಾಲು ವೈನಿ! ಈ ಕಡ್ಡಿ ಮೈಕು ನಿಮ್ಮ ದನಿ ಅಷ್ಟೇ ಕುಡೀತದ. ಪಕ್ಕದಾಗ ಆನಿ ಬಂದು ಘೀಳಿಟ್ರೂ ಆ ಕಡಿ ಹೋಗಂಗಿಲ್ಲ,” ಎಂದ. ಜಾನಕೀಬಾಯಿ ಪುಟದ ಗಡಿಬಿಡಿಯಲ್ಲಿದ್ದರು, ತಲೆಯಾಡಿಸಿದರು.

ಅಂಗಡಿ ಬೆಂಕಿಪೊಟ್ಟಣದಷ್ಟು. ಮಕ್ಕಳು ಒಳಗೆ ಹಿಡಿಸಲಿಲ್ಲ. ಗಾಡಿಗಳ ಸೀಟಿ ಕೇಳಬಾರದೆಂದು ಬಾಬುಮಿಯಾ ಗಾಜಿನ ಬಾಗಿಲು ಹಾಕಿದ. ಲುಂಬಿನಿಯ ಹಿಂದೆ ಓದಿನ ಮನೆಯ ಮಕ್ಕಳೆಲ್ಲ ಗಾಜಿಗೆ ಮೂಗು ಒತ್ತಿ ನಿಂತರು.

ಪರದೆಯ ಮೇಲೆ ವೃಂದಾ ಕಾಣಿಸಿಕೊಂಡರು. ಎಳೆಯ ವಯಸ್ಸು, ಗುಂಗುರು ಕೂದಲು, ನಗುಮುಖ. ಮೊದಲ ಪುಟ ಓದಿದರು. ಶಹಾಬಾದ ಓದಿತು, ಚಿತ್ತಾಪುರ ಓದಿತು. ಜಾನಕೀಬಾಯಿಯ ಪಾಳಿ ಬಂತು.

ಅಂದು ಅವರು ಓದಿದ ಹಾಗೆ ಭೂಲೋಕದಲ್ಲಿ ಯಾರೂ ಓದಿಲ್ಲ. ಕಾಡು ಎಂದರೆ ಅಂಗಡಿಯ ಗೋಡೆಗಳಲ್ಲಿ ಬೇರು ಬಿಟ್ಟಿತು. ಕತ್ತಲೆ ಎಂದರೆ ಬಾಬುಮಿಯಾ ಟ್ಯೂಬ್‌ಲೈಟಿನ ಕಡೆ ನೋಡಿದ. ಹೆಸರು ಬಂದಲ್ಲೆಲ್ಲ ಅವರು ಫೂಟುಪಟ್ಟಿಯಿಂದ ಮೇಜಿಗೆ ಟಕ್ ಎಂದು ಹೊಡೆದು ಬಾಗಿಲ ಕಡೆ ನೋಡಿದರು. ಗಾಜಿನಾಚೆ ಎಲ್ಲ ಬಾಯಿಗಳೂ ಒಟ್ಟಿಗೆ ತೆರೆದವು. ಕಿವಿಗೆ ಬಟ್ಟಲು ಮುಚ್ಚಿದ್ದರಿಂದ ಅವರಿಗೆ ಕೂಗು ದೂರದ ಗುನುಗಿನಂತಷ್ಟೇ ಕೇಳಿತು. ಆದರೆ ಬಾಯಿಗಳು ಕಾಣುತ್ತಿದ್ದವಲ್ಲ. ಸಾಕು. ಟಕ್. ಬಾಯಿಗಳು. ಟಕ್. ಬಾಯಿಗಳು. ಪುಟ ಮುಗಿದಾಗ ಅವರ ಕಣ್ಣು ತುಂಬಿತ್ತು. ಕೋಣೆ ಉಳಿಯಿತು ಎಂದುಕೊಂಡರು.

ಬೆಂಗಳೂರಿಗೆ ಹೋದದ್ದು ಓದು, ಟಕ್ ಮತ್ತು ಮೌನ. ಮತ್ತೆ ಓದು, ಮತ್ತೆ ಟಕ್, ಮತ್ತೆ ಮೌನ.

ಕೆಟ್ಟ ಲೈನಿನಲ್ಲಿ ವೃಂದಾರ ಮಾತು ತಡವಾಗಿ ಬಂತು. “ತುಂಬಾ ಚೆನ್ನಾಗಿ ಪ್ರಯತ್ನ ಮಾಡಿದ್ರಿ ಅಮ್ಮ. ಒಂದೇ ಒಂದು ಪದ ಕಷ್ಟ ಆಗ್ತಿದೆ ಅಲ್ವಾ? ಸಂಕೋಚ ಬೇಡ. ಮಕ್ಕಳೂ ನೋಡ್ತಿದ್ದಾರೆ, ಎಲ್ಲರೂ ಕಲಿಯೋಣ. ಬಿಡಿಸಿ ಓದಿ ನೋಡೋಣ. ಪ ಇಳಿ ಪಾ...”

ಜಾನಕೀಬಾಯಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ತಿಳಿದಾಗ ಗಾಜಿನ ಕಡೆ ನೋಡಿದರು. ಬಾಯಿ ಮುಂದಿನ ಕಡ್ಡಿಯನ್ನು ನೋಡಿದರು.

“ಅದು... ನಮ್ಮ ಮನಿಯವ್ರು ರೀ,” ಎಂದರು ಮೆಲ್ಲಗೆ.

ಪರದೆಯ ಮೇಲೆ ವೃಂದಾರ ಮುಖ ಕಲ್ಲಿನಂತೆ ನಿಂತು, ಮತ್ತೆ ಅಲುಗಾಡಿತು. “ಇಲ್ಲ ಅಮ್ಮ, ಅದು ‘ಮನೆಯವರು’ ಅಲ್ಲ. ಊಹೆ ಮಾಡಬೇಡಿ, ಅಕ್ಷರ ನೋಡಿ. ಪ ಇಳಿ ಪಾ. ಪಕ್ಕದಲ್ಲಿ ಸೊನ್ನೆ. ಡ ಕೊಂಬು ಡು.”

ಎಲ್ಲೋ, ಸೇಡಮ್ಮಿನಲ್ಲೋ ಚಿಂಚೋಳಿಯಲ್ಲೋ, ಯಾರೋ ನಕ್ಕದ್ದು ಬಟ್ಟಲಿನಲ್ಲಿ ಕೇಳಿತು.

ಅವರ ಮಾತಿನಿಂದಲೇ ಸಂಗತಿ ತಿಳಿದು ಬಾಬುಮಿಯಾ ಒದ್ದಾಡಿದ. “ಹೇಳಿಬಿಡ್ರಿ ವೈನಿ, ಒಂದೇ ಸಲ. ದೇವ್ರು ಮಾಫ್ ಮಾಡ್ತಾನ. ಕೋಣಿ ಹೋಗ್ತದ ನೋಡ್ರಿ!”

ಜಾನಕೀಬಾಯಿ ಮಕ್ಕಳನ್ನು ನೋಡಿದರು. ಗುಲಬರ್ಗಾದ ಮಂಚವನ್ನು ನೆನೆದರು. ತುಟಿ ಕೂಡಿದವು, ಬಿಚ್ಚಿದವು. “ಪಾ...” ಎಂದರು.

ಅಷ್ಟಕ್ಕೇ ಅಂಗೈಯಿಂದ ಬಾಯಿ ಮುಚ್ಚಿಕೊಂಡರು.

“ವೆರಿ ಗುಡ್! ಅರ್ಧ ಬಂತು!” ವೃಂದಾ ನಿಜವಾಗಿಯೂ ಸಂತೋಷಪಟ್ಟು ಚಪ್ಪಾಳೆ ತಟ್ಟಿದರು. “ಉಳಿದರ್ಧ ಮನೆಯಲ್ಲಿ ಅಭ್ಯಾಸ ಮಾಡಿ ಅಮ್ಮ. ಈಗ ಸೇಡಂಗೆ ಹೋಗೋಣ.”

ಹೊರಗೆ ಬಂದಾಗ ಲುಂಬಿನಿ ಅವರ ಸೆರಗು ಹಿಡಿದಳು. ಕೂಗಿ ಕೂಗಿ ಗಂಟಲು ಒಡೆದಿತ್ತು. “ಬಾಯೋರ, ನಾವು ಭಾಳ ಜೋರು ಒದರಿದೆವು. ಬೆಂಗಳೂರಿಗಿ ಕೇಳಿಸ್ತು, ಹೌದಿಲ್ಲ?”

“ಕೇಳಿಸ್ತವ್ವಾ,” ಎಂದರು ಜಾನಕೀಬಾಯಿ.

ಮರುದಿನ ದವಾಖಾನೆಯಲ್ಲಿ ರಾಯರು ಕಣ್ಣು ತೆರೆದವರೇ ಕೇಳಿದರು. “ಹೇಳಿದ್ಯಾ?”

“ಅರ್ಧ.”

ಅವರ ಮುಖದಲ್ಲಿ ಹಳೆಯ ತುಂಟತನ ಸುಳಿಯಿತು. “ಉಳದರ್ಧ ಯಾವಾಗ?”

“ಆರಾಮಾಗಿ ಮನಿಗಿ ಬರ್ರಿ. ಪೂರಾ ಹೇಳ್ತೀನಿ.”

“ಮಾತ ಕೊಟ್ಟೀ ಮತ್ತ,” ಎಂದು ರಾಯರು ಕಣ್ಣು ಮುಚ್ಚಿದರು.

ಟ್ರಸ್ಟಿನ ಫೋನು ವಾರದೊಳಗೆ ಬಂತು. ವಾಡಿಯ ಬಾಯಿ ಪುಟವನ್ನು ಬಾಯಿಪಾಠ ಮಾಡಿ ಒಪ್ಪಿಸಿದ್ದಾರೆ, ಎರಡಕ್ಷರದ ಪದ ಗುರುತಿಸಲು ಬರುವುದಿಲ್ಲ, ಕೋಣೆಯ ಬಾಡಿಗೆ ಈ ತಿಂಗಳಿಗೆ ಮುಗಿಯಿತು, ಎಂದು ಅತ್ತಲಿನ ದನಿ ಹೇಳಿತು. ಬಾಬುಮಿಯಾ ಎಷ್ಟು ಜೋರಾಗಿ ಜಗಳಾಡಿದನೆಂದರೆ, ಮಳಖೇಡದ ಕೋಟೆಯ ಕಲ್ಲೊಂದು ಉದುರಿತು.

“ಅರೇ ಸಾಬ್, ಅದು ಅವ್ರ ಗಂಡನ ಹೆಸರ್ರೀ! ನಮ್ಮ ಕಡಿ ಹೆಂಗಸರು ಹೇಳಂಗಿಲ್ಲ!”

ಅತ್ತಲಿನ ದನಿ, ಬೇಸರದಿಂದಲೇ, ಅಂದಿತು: “ಹಾಗಿದ್ರೆ ಇನ್ನೂ ಕಷ್ಟ. ಈ ಕಾಲದಲ್ಲೂ ಗಂಡನ ಹೆಸರು ಹೇಳೋಕೆ ಹೆದರೋರು ಮಕ್ಕಳಿಗೆ ಏನು ಕಲಿಸ್ತಾರೆ, ಹೇಳಿ?”

ಬಾಬುಮಿಯಾ ಫೋನು ಕುಕ್ಕಿದ. ಪುಸ್ತಕಗಳು ಪೆಟ್ಟಿಗೆ ಸೇರಿ ಪಾರ್ಸಲ್ ಗಾಡಿ ಹತ್ತಿದವು. ಕೋಣೆಯೊಳಗೆ ಮತ್ತೆ ಫರಸಿ ಕಲ್ಲು ಬಂದವು.

ರಾಯರು ಮನೆಗೆ ಬಂದರು, ಆದರೆ ಆರಾಮಾಗಿ ಅಲ್ಲ. ನಾಲ್ವರು ಹೊತ್ತು ತಂದರು. ಅಂದು ವಾಡಿಯಲ್ಲಿ ಒಂದೂ ಗಾಡಿ ಸೀಟಿ ಊದಲಿಲ್ಲ ಎನ್ನುತ್ತಾರೆ. ಊದಿದವು. ಒಂದೊಂದೂ ಹೊತ್ತಿಗೆ ಸರಿಯಾಗಿ ಬಂದು, ಸರಿಯಾಗಿ ಹೋದವು.

ದಿನಕರ್ಮಗಳೆಲ್ಲ ಮುಗಿದವು. ಜಾನಕೀಬಾಯಿ ಒಂದು ದಿನ ಗೋಡೆಗೆ ಒರಗಿ ಕೇಳಿದರು. “ಅರ್ಧಾ ಹೆಸರಿಗೂ ಆಯುಷ್ಯದ ಎಳಿ ಸವೀತದೇನ ಆಶಾಬಿ?”

“ಛೀ, ಹುಚ್ಚಿ ಅದೀರಿ,” ಎಂದು ಆಶಾಬಿ ಬೈದಳು. ಬೈಯುತ್ತಲೇ ಅತ್ತಳು.

ಒಂದು ಸಂಜೆ ಮನೆಯ ಮೆಟ್ಟಿಲ ಮೇಲೆ ಸದ್ದಾಯಿತು. ಲುಂಬಿನಿ, ಅವಳ ಹಿಂದೆ ಮಕ್ಕಳು. ಮೊದಲಿನಷ್ಟು ಜನವಿಲ್ಲ, ಕೆಲವರು ಕಲ್ಲಿನ ಕೆಲಸಕ್ಕೆ ಹೋಗತೊಡಗಿದ್ದರು. ಲುಂಬಿನಿ ಲಂಗದ ಮಡಿಕೆಯಿಂದ ಒಂದು ಪುಸ್ತಕ ತೆಗೆದಳು. ಪೆಟ್ಟಿಗೆ ಹೋಗುವ ದಿನ ಕತ್ತೆ ತಪ್ಪಿಸಿಕೊಂಡು ಅವಳ ಮನೆಗೆ ಬಂದಿತ್ತು.

“ಬಾಯೋರ, ಓದ್ರಿ.”

ಅವರ ಬರಿಯ ಹಣೆಯನ್ನು ಮಕ್ಕಳು ನೋಡಿದರು, ಮೆಟ್ಟಿಲ ಮೇಲೆ ಒತ್ತಿ ಕೂತರು. ಜಾನಕೀಬಾಯಿ ಪುಸ್ತಕ ತೆರೆದರು. ಫೂಟುಪಟ್ಟಿಯನ್ನು ಹುಡುಕಲಿಲ್ಲ. ದನಿಯನ್ನು ಎಲ್ಲಿಂದಲೋ ಎಳೆದು ತಂದು ಮೊದಲ ಸಾಲು ಹಿಡಿದರು. ಹೆಸರಿನ ಹತ್ತಿರ ಬಂದಾಗ ಮಕ್ಕಳು ಉಸಿರು ತುಂಬಿಕೊಂಡು, ಬಾಯಿ ತೆರೆದು, ಟಕ್ ಎನ್ನುವುದಕ್ಕಾಗಿ ಕಾದರು.

“ಪಾಂಡು,” ಎಂದು ಓದಿದರು ಜಾನಕೀಬಾಯಿ.

ಅವರು ತಲೆಯೆತ್ತಿ ಸ್ಟೇಷನ್ನಿನ ಕಡೆ ನೋಡಿದರು. ಒಂದು ‘ಓ’ ಬಂದು ಮುಗಿಯುವಷ್ಟು ಹೊತ್ತು ಹಾಗೇ ಕಾದರು. ಯಂತ್ರದ ಹೆಣ್ಣುದನಿ ಯಾವುದೋ ಗಾಡಿ ತಡವೆಂದು ಮೂರು ಭಾಷೆಯಲ್ಲಿ ಹೇಳಿತು.

ತೆರೆದ ಬಾಯಿಗಳು ಒಂದೊಂದಾಗಿ ಮುಚ್ಚಿದವು. ಕೊನೆಗೆ ಲುಂಬಿನಿ ಮೆಲ್ಲಗೆ, ಜಗಳಕ್ಕೆ ಬಂದವಳಂತಲ್ಲ, ತಪ್ಪು ತನ್ನದೇ ಇರಬಹುದು ಎಂಬಂತೆ ಕೇಳಿದಳು.

“ಬಾಯೋರ, ಅದು ನಮ್ಮ ಪಾಳಿ ಅಲ್ಲೇನ್ರಿ?”

ಜಾನಕೀಬಾಯಿ ಪುಟ ತಿರುವಿದರು. ಮುಂದಿನ ಪುಟದಲ್ಲಿ ಆ ಹೆಸರು ಸಾಲಿಗೊಂದರಂತೆ ಇತ್ತು.